ಮುಳ್ಳುಗಿಡದ ಬುಡದಲ್ಲಿ ಹಾಲಿನ ತಟ್ಟೆ

ನನಗೆ ಮೂಢನಂಬಿಕೆ ಇಲ್ಲ ಎಂದು ಹೇಳಿಕೊಂಡು ತಿರುಗುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಉತ್ತರದ ಚಳಿದೇಶವೊಂದರ ಮೋಲ್ನ್‌ಡಾಲ್ ಎಂಬ ಊರಿನಲ್ಲಿ ಔಷಧ ಸಂಶೋಧನೆ ಮಾಡಿಕೊಂಡಿದ್ದಾಗ ನಾನೂ ಹಾಗೆ ಹೇಳಿಕೊಳ್ಳುತ್ತಿದ್ದೆ, ಅದೂ ಯಾರೂ ಕೇಳದಿದ್ದಾಗ.

ಆ ವರ್ಷ ನನ್ನ ಹೆಂಡತಿ ಶಾಲಿನಿ ಉಡುಪಿಯಿಂದ ಬಸಳೆ ಬೀಜ ತಂದಿದ್ದಳು. ಮೊಳಕೆ ಬಂದ ದಿನ ಕಾಲಿಂಗ್ ಕಾರ್ಡಿನ ನಂಬರ್ ಕೆರೆದು ಊರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದಳು. ಮೊಮ್ಮಗ ಹುಟ್ಟಿದ ಸುದ್ದಿಯನ್ನೂ ಅಷ್ಟು ಸಂಭ್ರಮದಿಂದ ಹೇಳಿರಲಿಲ್ಲ. ಆದರೆ ನಮ್ಮ ಬಾಡಿಗೆ ಮನೆಯ ಹಿತ್ತಲಿಗೆ ಬರುವ ಬಿಸಿಲನ್ನೆಲ್ಲ ಒಂದು ದೊಡ್ಡ ಮುಳ್ಳುಗಿಡ ನುಂಗುತ್ತಿತ್ತು. "ಆ ಗಿಡ ಹೋಗ್ಲಿಲ್ಲ ಅಂದ್ರೆ ನನ್ನ ಬಸಳೆ ಹೋಯ್ತು ಅಂತ್ಲೇ ಲೆಕ್ಕ," ಎಂದಳು. ಮನೆ ಮಾಲೀಕರೂ ಕಡಿಯಲು ಒಪ್ಪಿದರು. ನಾನು ಮಾತು ಕೊಟ್ಟೆ.

ಗರಗಸ ಇದ್ದದ್ದು ನನ್ನ ಲ್ಯಾಬಿನ ಗೆಳೆಯ, ಐರ್ಲೆಂಡಿನ ಡೆಕ್ಲನ್ ಹತ್ತಿರ. ಫಿಕಾ, ಅಂದರೆ ಅಲ್ಲಿನ ಕಾಫಿ ಬಿಡುವಿನ ಹೊತ್ತಿನಲ್ಲಿ ಲೋಟ ಹಿಡಿದು ಕೂತರೆ ಅವನಿಗೆ ತನ್ನ ಹಳ್ಳಿಯದೇ ಧ್ಯಾನ. ಕೆಲವೇ ಮನೆ, ಒಂದಷ್ಟು ಜೌಗು, ಕಲ್ಲಿನ ಗೋಡೆ. ಒಂದೊಂದು ಹೊಲಕ್ಕೂ ಹೆಸರು: ಕುದುರೆ ಬಿದ್ದ ಹೊಲ, ವಿಧವೆಯ ಹೊಲ. ನಡುವೆ ಉರುಟು ಮಣ್ಣಿನ ದಿಬ್ಬ, ಅದರ ಮೇಲೆ ಒಂಟಿ ಮುಳ್ಳುಗಿಡ. ಅದು ಕಣ್ಣಿಗೆ ಕಾಣದವರ ಜಾಗವಂತೆ. ಅದರ ಕೊಂಬೆ ಮುರಿದ ಚಿಕ್ಕಪ್ಪನ ಹಸು ಮರುದಿನವೇ ಹಾಲು ನಿಲ್ಲಿಸಿತಂತೆ. "ಅಯ್ಯೋ ಮಾರಾಯ, ನೀನೊಬ್ಬ ಸೈಂಟಿಸ್ಟಾ?" ಎಂದು ನಾನು ಹೊಟ್ಟೆ ತುಂಬ ನಕ್ಕಿದ್ದೆ.

ಶನಿವಾರ ಗರಗಸ ಹಿಡಿದು ಬಂದ ಡೆಕ್ಲನ್, ಬಿಳಿ ಹೂ ಬಿಟ್ಟು ನಿಂತ ನಮ್ಮ ಗಿಡ ಕಂಡು ಗಕ್ಕನೆ ನಿಂತ. ಅದೇ ಜಾತಿ! "ಗರಗಸ ಬೇಕಾದರೆ ಇಟ್ಟುಕೋ, ನಾನಂತೂ ಮುಟ್ಟುವುದಿಲ್ಲ," ಎಂದ. ಆಮೇಲೆ ಬುಡದತ್ತ ಬಗ್ಗಿ, "ಈ ಹಾಲಿನ ತಟ್ಟೆ ಯಾರಿಟ್ಟದ್ದು? ನಮ್ಮಜ್ಜಿಯೂ ಹೀಗೇ ಇಡುತ್ತಿದ್ದಳು," ಎಂದ.

"ಬೆಕ್ಕಿಗೆ," ಎಂದೆ.

"ನಮ್ಮನೇಲಿ ಬೆಕ್ಕೆಲ್ಲಿದೆ ರೀ?" ಎಂದಳು ಶಾಲಿನಿ.

ಏನು ಮಾಡಲಿ? ಬೆಳಿಗ್ಗೆ ಗಿಡದ ಹತ್ತಿರ ಹೋದಾಗ ನಮ್ಮೂರ ನಾಗಬನ ನೆನಪಾಗಿತ್ತು. ಅಲ್ಲಿ ಒಣಕೊಂಬೆ ತೆಗೆಯಬೇಕಾದರೂ ಹಾಲೆರೆದು ಅಪ್ಪಣೆ ಕೇಳಬೇಕು. ಹೆದರಿಕೆಯಲ್ಲ, ಬರೀ ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡು ಫ್ರಿಜ್ಜಿನಿಂದ ಹಾಲು ತಂದಿಟ್ಟಿದ್ದೆ.

ಗರಗಸ ಕಾರಿಗೆ ವಾಪಸಾಯಿತು. ಬಸಳೆ ಕುಂಡಕ್ಕೆ ಬಂತು, ಕುಂಡ ನನ್ನ ಸೊಂಟಕ್ಕೆ. ಬಿಸಿಲು ಹೋದತ್ತ ಹೊತ್ತು ತಿರುಗಿದೆ: ಬೆಳಿಗ್ಗೆ ಮೆಟ್ಟಿಲ ಮೇಲೆ, ಮಧ್ಯಾಹ್ನ ಪಾರ್ಕಿಂಗ್ ಪಕ್ಕ, ಸಂಜೆ ಕಸದ ಡಬ್ಬಿಯ ಹತ್ತಿರ. ಈ ದೇಶದ ಬೇಸಿಗೆಯ ಸೂರ್ಯನಾದರೂ ಬೇಗ ಮುಳುಗುತ್ತಾನೆಯೇ? ಅದೂ ಇಲ್ಲ.

ಕೊನೆಗೆ ಒಂದು ಹೊತ್ತಿನ ಸಾರಿಗಾಗುವಷ್ಟು ಬಸಳೆ ಸಿಕ್ಕಿತು. ಡೆಕ್ಲನ್‌ನನ್ನೂ ಊಟಕ್ಕೆ ಕರೆದೆವು. ಸೊಂಟ ಹಿಡಿದುಕೊಂಡು ಕೂತ ನನ್ನ ತಟ್ಟೆಗೆ ಬಡಿಸುತ್ತಾ ಶಾಲಿನಿ ಅಂದಳು: "ನಂಬಿಕೆ ಇಲ್ದೇ ಇರೋ ನಿಮ್ಗೇ ಇಷ್ಟು ಕೆಲಸ ಆದ್ರೆ, ಪಾಪ, ನಂಬೋರಿಗೆ ಎಷ್ಟಿರ್ಬೇಡ!"