ಅವ್ವನಿಗೊಂದಿಷ್ಟು ಗಾಳಿ

ಕೆಟ್ಟು ನಿಂತದ್ದನ್ನು ಕಂಡರೆ ಸುಮ್ಮನಿರಲಾಗದ ಜನರಿದ್ದಾರೆ, ನಾನು ಅವರಲ್ಲೊಬ್ಬ. ಕೊರೋಚಿಯಲ್ಲಿ ಮಗ್ಗಗಳ ಸದ್ದಿನಲ್ಲೇ ಬೆಳೆದವನಿಗೆ ಕಡಿದ ಎಳೆ ಕಂಡರೆ ಸಾಕು, ಬುದ್ಧಿಗಿಂತ ಮೊದಲು ಬೆರಳು ಗಂಟು ಹಾಕಿರುತ್ತದೆ. ಯಾಕೆ ಕಡಿಯಿತೆಂದು ಕೇಳುವ ಪುರುಸೊತ್ತನ್ನು ಮಗ್ಗ ಕೊಡುವುದಿಲ್ಲ. ಈ ಚಟದಿಂದ ಊರಲ್ಲಿ ನನಗೆ ಹುಷಾರು ಮನುಷ್ಯ ಎಂಬ ಹೆಸರಿದೆ. ಮನೆಯಲ್ಲಿ ಬೇರೆ ಹೆಸರಿದೆ, ಅದು ಇಲ್ಲಿ ಬೇಡ.

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕಾರು ನನ್ನ ಪಾಲಿಗೆ ಬಂತು. ಅದು ಮೊದಲಿನಿಂದಲೂ ನಿಲ್ಲುವುದು ಮಗ್ಗದ ಶೆಡ್ಡಿನ ಮಗ್ಗುಲಲ್ಲೇ. ಎಂಜಿನ್ ಇನ್ನೂ ಗಟ್ಟಿ. ಒಳಗೆ ಗಾಳಿ ಊದುವ ಫ್ಯಾನು ಮಾತ್ರ ತಿರುಗಿದ್ದು ನನಗೆ ನೆನಪಿಲ್ಲ. ಈ ಬೇಸಿಗೆಯಲ್ಲಿ ಮಹಾಗಾಂವದ ಚಿಗವ್ವ, ಅಂದರೆ ಅವ್ವನ ತಂಗಿ, ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹೋಗಿ ನೋಡಲೇಬೇಕೆಂದು ಅವ್ವ ಹಟ ಹಿಡಿದಳು. ಅವ್ವನಿಗೆ ಉಸಿರಿನ ತೊಂದರೆ. ಈ ಸೆಕೆಯಲ್ಲಿ ಅಷ್ಟು ದೂರ ಹೇಗೆ ಕರೆದೊಯ್ಯುವುದೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಫ್ಯಾನು ಸರಿಮಾಡಿಯೇ ಹೊರಡಬೇಕೆಂದುಕೊಂಡೆ. ಅವ್ವನಿಗೆ ಹೇಳಲಿಲ್ಲ, ಹೇಳಿದರೆ ಅದರಲ್ಲೇನು ಮಜಾ?

“ಕೊಲ್ಹಾಪುರದ ಮಿಸ್ತ್ರಿಗೆ ತೋರಸ್ರಿ,” ಎಂದಳು ಹೆಂಡತಿ.

“ನಮ್ಮ ಗಾಡಿ ಅವಂಗೇನ್ ತಿಳಿತೈತಿ?” ಎಂದು ನಾನೇ ಕೂತೆ. ಫ್ಯೂಸು ಸರಿಯಿತ್ತು. ಸ್ವಿಚ್ಚಿನ ತನಕ ಕರೆಂಟು ಬರುತ್ತಿತ್ತು. ಫ್ಯಾನನ್ನು ಬಿಚ್ಚಿ ಹೊರತೆಗೆದು ನೇರವಾಗಿ ಬ್ಯಾಟರಿ ಹಚ್ಚಿದರೆ ಗಿರ್ರನೆ ತಿರುಗಿತು. ತಪ್ಪು ಇವೆರಡರ ನಡುವೆಯೇ ಇರಬೇಕು. ಐದನೆಯ ದಿನ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲು ಅಂಗಳದಲ್ಲಿ, ಅಂಥ ಭಂಗಿಯಲ್ಲಿ ಅದನ್ನು ಕಂಡುಹಿಡಿದೆ. ಯಾರೋ ವೈರನ್ನು ನೀಟಾಗಿ ಕತ್ತರಿಸಿ, ಎರಡೂ ತುದಿಗೆ ನೂಲು ಸುತ್ತಿ ಗಂಟು ಹಾಕಿದ್ದರು. ಗಂಟು ಹಾಕಿದ ರೀತಿ ಅಪ್ಪನದೇ. ಜೋಡಿಸಲು ಬಾರದೆ ಹಾಗೇ ಬಿಟ್ಟಿದ್ದಾರೆಂದು ನಕ್ಕು ಕ್ಷಣದಲ್ಲಿ ಬೆಸುಗೆ ಹಾಕಿದೆ. ಮೊದಲ ಗಾಳಿ ಅವ್ವನಿಗೇ ಇರಲೆಂದು ಹಚ್ಚಿ ನೋಡಲಿಲ್ಲ.

ಮೂವರೂ ಹೊರಟೆವು. ದಾರಿಯಲ್ಲಿ ಸಿಗುವ ಗಡಹಿಂಗ್ಲಜ ಇನ್ನೂ ದೂರವಿರುವಾಗ ಬಿಸಿಲು ಏರಿತು. “ಈಗ ನೋಡವ್ವಾ,” ಎಂದು ಸ್ವಿಚ್ಚು ಒತ್ತಿದೆ. ಎಷ್ಟು ವರ್ಷಗಳ ಹತ್ತಿಯ ಧೂಳು ಒಳಗೆ ಕೂತಿತ್ತೋ, ಅಷ್ಟೂ ಭರ್ರನೆ ಅವ್ವನ ಮುಖಕ್ಕೆ ಹಾರಿತು. ಅವ್ವ ಕೆಮ್ಮತೊಡಗಿದಳು. ನಿಲ್ಲಲೇ ಇಲ್ಲ. ಫ್ಯಾನು ಆರಿಸಿ ಕಾರನ್ನು ಗಿಡದ ನೆರಳಿಗೆ ತಂದು ನಿಲ್ಲಿಸಿದೆ. ಹೆಂಡತಿ ಬೆನ್ನು ಸವರಿ ನೀರು ಕುಡಿಸಿದ ಮೇಲೆ ಅವ್ವನ ಉಸಿರು ಹದಕ್ಕೆ ಬಂತು.

“ಇದನ್ನ ಯಾಕ ಹಚ್ಚಿದ್ಯೋ ತಮ್ಮಾ? ನನಗ ಕೆಮ್ಮ ಬರತೈತಂತ ನಿಮ್ಮಪ್ಪ ಕತ್ತರಿಸಿದ್ರು.”

“ಸ್ವಿಚ್ ಒತ್ತದಿದ್ರ ಆಗತಿತ್ತಲ್ಲವ್ವಾ?”

“ಅವರಿಗೆ ಭಾಳ ಸೆಕಿ. ಮಾತಾಡ್ಕೋತ ಕೈ ತಾನ ಅಲ್ಲಿಗೆ ಹೋಗತಿತ್ತು. ‘ನನ್ನ ಕೈಮ್ಯಾಲ ನನಗ ಭರೋಸಾ ಇಲ್ಲ’ ಅಂದು ಒಂದಿನ ಕತ್ತರಿಸೇ ಬಿಟ್ರು.”

“ಮೊದ್ಲ ಹೇಳಬಾರದೇನು?”

“ನೀ ಕೇಳಿದ್ದೇನು?”

ಕೇಳಿರಲಿಲ್ಲ. ಫ್ಯೂಸನ್ನು ಕೇಳಿದ್ದೆ, ಬ್ಯಾಟರಿಯನ್ನು ಕೇಳಿದ್ದೆ. ಮನೆಯಲ್ಲೇ ಕೂತಿದ್ದ ಅವ್ವನನ್ನು ಕೇಳಿರಲಿಲ್ಲ. ಅಪ್ಪನ ಗಂಟು ನೋಡಿ ನಕ್ಕದ್ದಕ್ಕೆ ಭಾಳ ನಾಚಿಕೆಯಾಯಿತು. ಗಾಜು ಇಳಿಸಿ ಮತ್ತೆ ಹೊರಟೆವು. ಬೆವರು ಕಣ್ಣಿಗಿಳಿಯುತ್ತಿತ್ತು. ಚಿಗವ್ವನ ಸೊಂಟದ ವಿಷಯ ಏನೋ ಹೇಳುತ್ತಿದ್ದವನು ಥಟ್ಟನೆ ನೋಡಿದರೆ ನನ್ನ ಬೆರಳು ಸ್ವಿಚ್ಚಿನ ಮೇಲಿದೆ. ಅವ್ವ ಆಗಲೇ ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದಳು.

ಕಾರು ನಿಲ್ಲಿಸಿದೆ. ಇಕ್ಕಳ ಹಿಡಿದು ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ.

“ಮತ್ತೇನ್ ರಿಪೇರಿ ತಗದ್ರಿ?” ಎಂದಳು ಹೆಂಡತಿ.

“ಗಾಡೀದಲ್ಲ,” ಎಂದೆ, “ನಂದು.”