ಕ್ಷೌರದ ಕತ್ತಿಗೆ ಎಷ್ಟು ಕೊಡಬಹುದು?

ಸಂಶಯಪಡುವುದು ಒಳ್ಳೆಯದಲ್ಲ ಎಂದು ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೊದಲು ಅವರ ಮೇಲೆಯೇ ಸಂಶಯ ಬರುತ್ತದೆ. ಏನನ್ನೋ ಮುಚ್ಚಿಟ್ಟುಕೊಂಡವರೇ ಹೆಚ್ಚಾಗಿ ಹಾಗೆ ಹೇಳುವುದು. ನಾನು ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ತೂಕ ನೋಡುವ ಗುಮಾಸ್ತ. ಭತ್ತದ ಚೀಲ ಗಾಡಿಯಿಂದ ಇಳಿದ ಕೂಡಲೇ ಕಬ್ಬಿಣದ ಕೊಳವೆಯನ್ನು ಅದರ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಹೊರಗೆ ತೆಗೆದು, ಹಲ್ಲಿನಲ್ಲಿ ಕಡಿದು ನೋಡುವುದು ನನ್ನ ಕೆಲಸ. ಬಾಯಿಯ ಹತ್ತಿರ ಒಣಗಿದ ಭತ್ತ, ನಡುವೆ ಹಸಿಯದು, ತಳದಲ್ಲಿ ಎರಡು ಹಿಡಿ ಮಣ್ಣು. ಹೀಗೆ ಚೀಲ ತುಂಬುವವರು ಎಷ್ಟು ಸೌಮ್ಯವಾಗಿ ನಗುತ್ತಾರೆಂಬುದು ನನಗೆ ಗೊತ್ತು. ಸಂಶಯಪಡುವುದಕ್ಕೇ ಸಂಬಳ ಪಡೆಯುವವನಿಗೆ ಸಂಜೆ ಮನೆಗೆ ಬಂದು ಅದನ್ನು ಅಂಗಿಯ ಹಾಗೆ ಕಳಚಿ ಗೂಟಕ್ಕೆ ಹಾಕಲಾಗುವುದಿಲ್ಲ. ನನ್ನ ಹೆಂಡತಿ ಪಾರ್ವತಿ ಸೊರಬದವಳು. ತಟ್ಟೆಯ ಮುಂದೆ ನಾನು ಅನ್ನವನ್ನು ಬೆರಳಿನಿಂದ ಕೆದಕುತ್ತಾ ಕೂತರೆ, "ಆ ಗಿರಣಿ ಮುಖ ತೆಗೀರಿ ಮಾರಾಯ್ರೆ, ಅನ್ನ ಮಾಡಿದ್ದು ನಾನೇ" ಎನ್ನುತ್ತಿದ್ದಳು.

ಪಾರ್ವತಿ ಜ್ವರದಲ್ಲಿ ತೀರಿಕೊಂಡಳು. ಅದಾಗಿ ಹೆಚ್ಚು ಕಡಿಮೆ ವರ್ಷ ತುಂಬುತ್ತಾ ಬಂದಾಗ ನಡೆದದ್ದು ಈ ಕತ್ತಿಯ ಸಂಗತಿ.

ಕರ್ಮಾಂತರದ ದಿನ ಮುಖ ಬೋಳಿಸಿಕೊಂಡವನು ಆಮೇಲೆ ಹಾಗೇ ಬಿಟ್ಟಿದ್ದೆ. ವ್ರತವೇನೂ ಅಲ್ಲ, ಶಾಸ್ತ್ರವೂ ಅಲ್ಲ. ಭಾನುವಾರ ಬೆಳಗ್ಗೆ "ಮುಖ ಮುಳ್ಳುಹಂದಿ ಆಗಿದೆ, ಹೋಗ್ ಬನ್ನಿ" ಎಂದು ಮನೆಯಿಂದ ಅಟ್ಟುವವಳು ಇರಲಿಲ್ಲ, ಅಷ್ಟೆ. ಊರು ಮಾತ್ರ ನನ್ನ ಗಡ್ಡಕ್ಕೆ ದೊಡ್ಡ ಅರ್ಥ ಕಟ್ಟಿಕೊಂಡಿತು. ಸಂತೆಯಲ್ಲಿ ಹೆಂಗಸರು ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸುತ್ತಿದ್ದರು. ಆ ಗಂಡಂದಿರು ನನ್ನತ್ತ ನೋಡುತ್ತಿದ್ದ ರೀತಿಯಲ್ಲಿ ಗೌರವ ಇರಲಿಲ್ಲ. ಗಿರಣಿಯ ಯಜಮಾನರು ಕೂಡ ಗಡ್ಡದ ಎದುರು ದನಿ ತಗ್ಗಿಸಿ ಬೈಯುವುದನ್ನು ರೂಢಿ ಮಾಡಿಕೊಂಡಿದ್ದರು.

ಆದರೆ ಮಗಳು ಸರೋಜ ನನ್ನ ಗಡ್ಡಕ್ಕೆ ಹೆದರುತ್ತಿದ್ದಳು. ಆರು ವರ್ಷದ ಹುಡುಗಿ. ತಾಯಿ ಹೋದ ಮೇಲೆ ಸೊರಬದಲ್ಲಿ ಅಜ್ಜಿಯ ಹತ್ತಿರ ಇದ್ದಳು. ನಾನು ಹೋದಾಗಲೆಲ್ಲ ಕಂಬದ ಹಿಂದೆ ನಿಂತು, "ಅಜ್ಜೀ, ಗಡ್ಡದ ಮಾಮ ಬಂದ" ಎನ್ನುತ್ತಿದ್ದಳು. ನಮ್ಮ ಅತ್ತೆ ಹಳೆಯ ಕಾಲದವರು. ಅಳಿಯನ ಎದುರು ನಿಂತು ಮಾತಾಡುವವರಲ್ಲ. ಅಡುಗೆಮನೆಯ ಬಾಗಿಲ ಹಿಂದಿನಿಂದ, ಮಗುವಿಗೆ ಹೇಳುವ ಹಾಗೆ ನನಗೆ ಹೇಳುತ್ತಿದ್ದರು. "ಸರೋಜಾ, ನಿನ್ನ ಅಪ್ಪಯ್ಯಂಗೆ ಹೇಳು, ವರ್ಷಾಂತಿಕ ಮುಗೀಲಿ. ಶಾಲೆ ಶುರುವಾಗೋ ಹೊತ್ತಿಗೆ ನಿನ್ನ ಕಳಿಸೋದು ನೋಡ್ವ." ನೋಡ್ವ ಎಂದರೆ ಕಳಿಸುತ್ತಾರೆ ಎಂದೇನೂ ಅಲ್ಲ. ಕೊಳವೆ ಚುಚ್ಚಿ ನೋಡಿದರೆ ಆ ಮಾತಿನ ತಳದಲ್ಲಿ ಏನಿದೆಯೆಂಬುದು ನನಗೆ ತಿಳಿಯುತ್ತಿತ್ತು. ನಾನು ಎರಡನೆಯ ಮದುವೆ ಮಾಡಿಕೊಂಡರೆ ಹುಡುಗಿ ಬರುವುದಿಲ್ಲ. ಮಲತಾಯಿಯ ಕೈಗೆ ಮೊಮ್ಮಗಳನ್ನು ಯಾವ ಅಜ್ಜಿ ಕೊಟ್ಟಾಳು?

ಮಗಳು ನನ್ನನ್ನು ಗುರುತಿಸಬೇಕಾದರೆ ಗಡ್ಡ ತೆಗೆಯಬೇಕು. ಅದಕ್ಕಾಗಿ ಚೆನ್ನಪ್ಪನ ಕ್ಷೌರದಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಕುರ್ಚಿಯಲ್ಲಿ ನನ್ನ ಹಾಗೆಯೇ ಹೆಂಡತಿ ಕಳೆದುಕೊಂಡ ಒಬ್ಬ ಮೇಷ್ಟ್ರಿದ್ದರು. ಚೆನ್ನಪ್ಪ ಅವರ ಗದ್ದ ಎತ್ತಿ ಹಿಡಿದು, ಕತ್ತಿಯನ್ನು ಗಂಟಲ ಮೇಲೆ ನಿಲ್ಲಿಸಿ, "ಮತ್ತೇನ್ರಿ ಮೇಷ್ಟ್ರ, ಎಷ್ಟು ದಿನಾ ಅಂತ ಒಬ್ರೇ ಇರ್ತೀರಿ? ತಾಳಗುಂದದಾಗ ಒಂದು ಹೆಣ್ಣೈತಿ, ಕೇಳ್ಲೇನು?" ಎಂದ. ಆ ಸ್ಥಿತಿಯಲ್ಲಿ ಯಾವ ಮನುಷ್ಯನಾದರೂ ತಲೆ ಅಲ್ಲಾಡಿಸುತ್ತಾನೆಯೇ? ಮೇಷ್ಟ್ರು ಉಸಿರು ಬಿಗಿಹಿಡಿದು ಸುಮ್ಮನಿದ್ದರು. "ಆತು ಬಿಡ್ರಿ, ತಿಳೀತು" ಎಂದ ಚೆನ್ನಪ್ಪ. ಮೇಷ್ಟ್ರು ಮುಖ ಒರೆಸಿಕೊಂಡು ಏಳುವಷ್ಟರಲ್ಲಿ ಅವರ ಮದುವೆ ಅರ್ಧ ನಿಶ್ಚಯವಾಗಿತ್ತು. ನಾನು ಮೆಲ್ಲಗೆ ಎದ್ದು ಹೊರಬಿದ್ದೆ. ಕತ್ತಿ ನನ್ನ ಕೈಯಲ್ಲೇ ಇರುವುದು ಕ್ಷೇಮ ಎಂದು ಅಲ್ಲೇ ತೀರ್ಮಾನಿಸಿದೆ.

ಬ್ಲೇಡು ಹಾಕುವ ಹೊಸ ಬಗೆಯ ಸೇಫ್ಟಿ ರೇಜರು ತೆಗೆದುಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ತಾನು ಅಪಾಯವಿಲ್ಲದವನು ಎಂದು ಹೆಸರಿನಲ್ಲೇ ಹೇಳಿಕೊಂಡು ತಿರುಗುವವನನ್ನು ನೀವು ಮನೆಯೊಳಗೆ ಬಿಡುತ್ತೀರಾ? ನಾನಂತೂ ಬಿಡುವುದಿಲ್ಲ.

ಪೇಟೆಯ ಶೆಟ್ಟರ ಅಂಗಡಿಯಲ್ಲಿ ಮಡಿಸುವ ಕತ್ತಿಗಳು ಮೂರು ಬಗೆಯವು ಇದ್ದವು. ಶೆಟ್ಟರು ಒಂದೊಂದನ್ನೂ ಕೈಗೆ ಕೊಡದೆ ಹಲಗೆಯ ಮೇಲಿಟ್ಟರು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಂಬಿಕೆ. ಬೆಲೆ ಹೇಳಿದ ಮೇಲೆ ಹೇಗೂ ಜಗಳ ಆಗಿಯೇ ಆಗುತ್ತಿತ್ತು.

"ಯಾರಿಗ್ರಿ ಗುಮಾಸ್ತ್ರೆ?"

"ನನಗೇ."

ಶೆಟ್ಟರು ನನ್ನ ಗಡ್ಡವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮುಖದ ತುಂಬ ಸಂತೋಷ. "ಹಂಗನ್ರಿ ಮತ್ತೆ! ಒಳ್ಳೇ ಸುದ್ದಿ."

ಎರಡು ರೂಪಾಯಿಯದು ಬೊಂಬಾಯಿ ಮಾಲು, ಹಿಡಿ ಆಗಲೇ ಸ್ವಲ್ಪ ಅಲ್ಲಾಡುತ್ತಿತ್ತು. ನಡುವಿನದು ಐದು ರೂಪಾಯಿ ಮೂರಾಣೆ. ಹೊಸ ಪೈಸೆ ಬಂದ ಹೊಸದು. ಮೂರಾಣೆಗೆ ಎಷ್ಟು ಹೊಸ ಪೈಸೆ ಎಂದು ಕೇಳಿದರೆ ಶೆಟ್ಟರು ಆಕಾಶ ನೋಡಿ ಇಪ್ಪತ್ತು ಎಂದರು. ಆಕಾಶದಲ್ಲಿ ಯಾವಾಗಲೂ ಶೆಟ್ಟರಿಗೆ ಲಾಭವಾಗುವ ಲೆಕ್ಕವೇ ಬರೆದಿರುತ್ತದೆ. ಮೂರನೆಯದು ಹದಿನಾಲ್ಕು ರೂಪಾಯಿ. ಕೆಂಪು ಬಟ್ಟೆ ಹಾಸಿದ ಪೆಟ್ಟಿಗೆ, ಮಸೆಯುವ ಚರ್ಮದ ಪಟ್ಟಿ, ಅಂಗೈಯಗಲದ ಸಾಣೆಕಲ್ಲು, ಅಲಗಿನ ಮೇಲೆ ಜರ್ಮನಿಯ ಮುದ್ರೆ. ಆ ಮುದ್ರೆಯನ್ನು ಜರ್ಮನಿಯಲ್ಲೇ ಒತ್ತಿದರೆಂಬುದಕ್ಕೆ ಏನು ಸಾಕ್ಷಿ ಎಂದು ಕೇಳಿದೆ.

"ಏನ್ರೀ ನೀವು! ಇದು ನಿಮ್ಮ ಕಾಲಕ್ಕೆ ಮುಗಿಯಾದಲ್ರಿ. ಮುಂದೆ ಹುಟ್ಟೋ ಮಗನ ಮೀಸೆಗೂ ಬರ್ತೈತಿ."

ನನಗಿರುವುದು ಒಬ್ಬಳೇ ಮಗಳು ಎಂದು ಹೇಳಿ, ಯೋಚನೆ ಮಾಡುತ್ತೇನೆಂದು ಹೊರಟೆ. ಅದೇ ತಪ್ಪಾಯಿತು. ಈ ಊರಿನಲ್ಲಿ ಒಬ್ಬ ಯೋಚನೆ ಮಾಡುತ್ತೇನೆಂದರೆ ಎಲ್ಲರೂ ಅವನ ಪರವಾಗಿ ಯೋಚಿಸಿಬಿಡುತ್ತಾರೆ. ಮಾರನೆಯ ದಿನ ಗಿರಣಿಯಲ್ಲಿ ಚೀಲಗಳ ರಾಶಿಯ ಆಚೆ ಬದಿಯಿಂದ ಹಮಾಲರ ಮಾತು ಕೇಳಿಸಿತು.

"ಹದಿನಾಕು ರೂಪಾಯಿದು ನೋಡ್ಯಾರಂತೋ. ಹಂಗಾದ್ರ ಹೆಣ್ಣು ದೊಡ್ಡ ಮನೆದು."

"ನೋಡಿದ್ದು ಅಷ್ಟೇ ಕಣಲೇ. ಇವರು ಕೊಳ್ಳೋದು ಐದ್ರದ್ದೇ. ಉಡುತಡಿ ಕಡೆ ಯಾವುದರೆ ಸಾಧಾರಣ ಸಂಬಂಧ ಇರಬೇಕು."

"ಏ, ಈ ಮನುಷ್ಯಾ ಆ ಹೆಣ್ಣಿಗೂ ಕೊಳವಿ ಚುಚ್ಚಿ ನೋಡದಿದ್ರ ಸಾಕು!"

ನಗು ನಿಲ್ಲುವವರೆಗೆ ನಾನು ತಕ್ಕಡಿಯ ಹಿಂದೆಯೇ ನಿಂತಿದ್ದೆ. ಕತ್ತಿಯ ಬೆಲೆ ಎಂದರೆ ಈಗ ಹೆಣ್ಣಿನ ಬೆಲೆ. ಸೊರಬದ ಬಸ್ಸು ದಿನಾ ಓಡುತ್ತದೆ, ಶಿರಾಳಕೊಪ್ಪದಲ್ಲಿ ಅದು ನಿಂತಷ್ಟು ಹೊತ್ತೂ ಮಾತು ನಿಲ್ಲುವುದಿಲ್ಲ. ಈ ಸುದ್ದಿ ಅತ್ತೆಯ ಅಡುಗೆಮನೆಗೆ ಮುಟ್ಟುವುದು ಎಷ್ಟು ಹೊತ್ತಿನ ಮಾತು! ನಾನು ನಿರಪರಾಧಿ ಎಂದು ತೋರಿಸಲು ದಾರಿ ಒಂದೇ. ಎಲ್ಲಕ್ಕಿಂತ ಅಗ್ಗದ ಕತ್ತಿ ಕೊಳ್ಳುವುದು. ಎರಡು ರೂಪಾಯಿಯ ಕತ್ತಿ ಹಿಡಿದವನು ಮದುವಣಿಗನೆಂದು ಯಾರು ಹೇಳಲು ಸಾಧ್ಯ?

ಆ ಸಂಜೆಯೇ ಹೋಗಿ ಎರಡು ರೂಪಾಯಿ ಇಟ್ಟೆ. ಶೆಟ್ಟರು ನನ್ನ ಮುಖವನ್ನು ನೋಡಿದರು. ಚೌಕಾಸಿ ಮಾಡದೆ ನಾನು ಯಾವುದನ್ನೂ ಕೊಂಡವನಲ್ಲ. ಆ ದಿನ ಚೌಕಾಸಿಗೆ ನಿಂತರೆ ಆಸಕ್ತಿ ಇದೆಯೆಂದು ತಿಳಿದಾರು ಎಂಬ ಭಯ.

"ಪಟ್ಟಿ ಬ್ಯಾಡೇನ್ರಿ? ಕಲ್ಲು? ಮಸೀಲಿಲ್ಲಂದ್ರ ಇದು ಎಷ್ಟು ದಿನಾ ಬಂದೀತು?"

"ಬಂದಷ್ಟು ದಿನ ಬರಲಿ," ಎಂದೆ. ಹೆಣ್ಣು ನೋಡಿಲ್ಲದವನ ಮಾತು ಇದೇ ಎಂದು ಯಾರಿಗಾದರೂ ತಿಳಿಯುವ ಹಾಗೆ ಹೇಳಿದ್ದೇನೆಂಬ ಸಮಾಧಾನ ನನಗೆ.

ಭಾನುವಾರ ಮನೆಯಲ್ಲೇ ಕ್ಷೌರ ಮಾಡಿಕೊಂಡೆ. ಅದನ್ನು ವರ್ಣಿಸುವುದು ಬೇಡ. ಗಡ್ಡ ಹೋಯಿತು, ಅದರ ಜೊತೆ ಹೋಗಬಾರದ್ದೂ ಒಂದಷ್ಟು ಹೋಯಿತು. ಪಟಿಕದ ಕಲ್ಲು ಉಜ್ಜಿ ಉಜ್ಜಿ ರಕ್ತ ನಿಲ್ಲಿಸಿ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ. ಅತ್ತೆಗೆ ತೋರಿಸಲು ಸಾಕ್ಷಿ ಬೇಕಲ್ಲ.

ಜಗಲಿ ಹತ್ತುತ್ತಿದ್ದ ಹಾಗೆ ಕಂಬದ ಹಿಂದಿನಿಂದ ಸರೋಜ ಇಣುಕಿದಳು. ಓಡಲಿಲ್ಲ. ಹತ್ತಿರ ಬಂದು ನನ್ನ ಕೆನ್ನೆಯ ಗಾಯದ ಮೇಲೆ ಬೆರಳಿಟ್ಟು, "ಅಪ್ಪಯ್ಯಾ, ಬೆಕ್ಕು ಪರಚಿತಾ?" ಎಂದಳು. ಎರಡು ರೂಪಾಯಿ ಅಲ್ಲಿಗೇ ಸಂದಿತು. ನಾನು ಹೌದು, ದೊಡ್ಡ ಬೆಕ್ಕು ಎಂದೆ.

ಬಾಗಿಲ ಹಿಂದೆ ಬಳೆಯ ಸದ್ದಾಯಿತು. "ಸರೋಜಾ, ನಿನ್ನ ಅಪ್ಪಯ್ಯ ಕತ್ತಿ ತಗೊಂಡಿದಾರಂತೆ. ಹೌದಾ ಕೇಳು."

ಮಗು ನನ್ನ ಮುಖ ನೋಡಿತು. ಹೌದು ಎಂದೆ.

"ಎಷ್ಟು ಕೊಟ್ರಂತೆ?"

"ಎರಡೇ ಎರಡು ರೂಪಾಯಿ," ಎಂದೆ, ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ.

ಬಳೆಯ ಸದ್ದು ಬಾಗಿಲಿಗೆ ಇನ್ನಷ್ಟು ಹತ್ತಿರವಾಯಿತು. "ಮಸೆಯೋ ಪಟ್ಟಿ?"

"ಬೇಡ ಅಂದೆ."

"ಚೌಕಾಸಿ ಮಾಡಿದ್ರಂತಾ ಕೇಳು."

"ಎಂತದ್ದೂ ಇಲ್ಲ. ಕೇಳಿದಷ್ಟು ಕೊಟ್ಟು ಬಂದೆ." ಒಂದೊಂದು ಉತ್ತರಕ್ಕೂ ನನ್ನ ಪಕ್ಷ ಬಲವಾಗುತ್ತಿದೆಯೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

"ಸರೋಜಾ, ಕೊಟ್ಟಿಗೆಗೆ ಹೋಗು. ಕರು ಎದ್ದಿದೆಯಾ ನೋಡ್ಕಂಡು ಬಾ."

ಮಗು ಹೋಯಿತು. ಆಮೇಲೆ ಅತ್ತೆ ಬಾಗಿಲು ದಾಟಿ ಹೊರಗೆ ಬಂದು ನನ್ನ ಎದುರು ನಿಂತರು. ಮದುವೆಯಾದಂದಿನಿಂದ ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಪಾರ್ವತಿಯ ಹಣೆ, ಪಾರ್ವತಿಯ ಗಲ್ಲ.

"ಅದನ್ನ ಇಲ್ಲಿ ಇಡಿ," ಎಂದರು.

ಕೈಚೀಲದಿಂದ ತೆಗೆದು ನೆಲದ ಮೇಲಿಟ್ಟೆ. ಅವರು ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಸಿದ್ಧಮಾಡಿಕೊಂಡು ಬಂದಿದ್ದನ್ನು ಹೇಳತೊಡಗಿದೆ. "ಅತ್ತೆ, ಊರವರ ಮಾತು ನಂಬಬೇಡಿ. ಹೆಣ್ಣು ಗಿಣ್ಣು ಎಂತದೂ ಇಲ್ಲ. ಬೇಕಾದರೆ..."

"ಹೆಣ್ಣು ಇದ್ದಿದ್ರೆ ನಂಗೆ ನಿನ್ನೆ ನಿದ್ದೆ ಬರ್ತಿತ್ತು ಮಾರಾಯ್ರೆ," ಎಂದರು ಅತ್ತೆ. "ವರ್ಷವಿಡೀ ಮುಖ ನೋಡಿಕೊಳ್ಳದ ಮನುಷ್ಯ ನೀವು. ಈಗ ಕತ್ತಿ ತಗೊಂಡ್ರಿ. ಅಗ್ಗದ್ದು. ಮಸೆಯೋಕೆ ಪಟ್ಟಿ ಬೇಡ ಅಂದ್ರಿ. ಒಂದಾಣೆ ಚೌಕಾಸಿ ಮಾಡ್ಲಿಲ್ಲ, ನೀವು! ಬದುಕೋ ಮನುಷ್ಯ ಹೀಗೆ ಕತ್ತಿ ತಗೊಳ್ತಾನಾ?"

ನನಗೆ ಅವರ ಮಾತು ಹೊಳೆಯಲು ಕೊಂಚ ಹೊತ್ತು ಹಿಡಿಯಿತು. ಹೊಳೆದಾಗ ನಗಬೇಕೆನಿಸಿತು, ಬಾಯಿ ತೆರೆದರೆ ನಗು ಬರಲಿಲ್ಲ. ನನ್ನ ಕೆನ್ನೆಯ ಗಾಯಗಳನ್ನು ಅವರು ಒಂದೊಂದಾಗಿ ನೋಡುತ್ತಿದ್ದರು.

"ನಾನು ಒಂದು ಮಗಳನ್ನ ಕಳಕೊಂಡಿದ್ದು ಸಾಕು," ಎಂದರು. "ಹದಿನಾಲ್ಕು ರೂಪಾಯಿದು ಇದೆಯಂತಲ್ಲ, ಬಸ್ಸಿನವ್ರು ಹೇಳಿದ್ರು. ಅದನ್ನ ತಗೊಳ್ಳಿ. ಪಟ್ಟಿ, ಕಲ್ಲು ಎಲ್ಲ ಇರಬೇಕು. ಚೌಕಾಸಿ ಮಾಡಿ ತಗೊಳ್ಳಿ. ತಂದು ತೋರಿಸಿ. ಆಮೇಲೆ ಹುಡುಗಿ."

ಹೀಗೆ, ಒಂದು ಕ್ಷೌರದ ಕತ್ತಿಗೆ ಎಷ್ಟು ಕೊಡಬಹುದು ಎಂಬ ಪ್ರಶ್ನೆ ನನ್ನ ಕೈಮೀರಿ ತೀರ್ಮಾನವಾಯಿತು. ಶೆಟ್ಟರ ಅಂಗಡಿಯಲ್ಲಿ ಅರ್ಧ ದಿನ ಕೂತೆ. ಅಲಗನ್ನು ಉಗುರಿನ ಮೇಲೆ ಎಳೆದು ನೋಡಿದೆ, ಪಟ್ಟಿಯ ಚರ್ಮವನ್ನು ಮೂಸಿದೆ, ಕಲ್ಲನ್ನು ನೀರಿನಲ್ಲಿ ಅದ್ದಿಸಿದೆ, ಜರ್ಮನಿಯನ್ನು ಎರಡು ಸಲ ಅಲ್ಲಗಳೆದೆ. ಹನ್ನೆರಡೂವರೆ ರೂಪಾಯಿಗೆ ಇಳಿಸಿದರು. ನಷ್ಟವಾಯಿತೆಂದು ಶೆಟ್ಟರು ಹಣೆ ಬಡಿದುಕೊಂಡರೂ, "ಈಗ ನೋಡ್ರಿ, ಗುಮಾಸ್ತ್ರು ಗುಮಾಸ್ತ್ರಂಗೆ ಕಂಡ್ರಿ" ಎಂದು ಪೆಟ್ಟಿಗೆ ಕಟ್ಟಿಕೊಟ್ಟರು. ಅಗ್ಗದ್ದನ್ನು ಬಿಟ್ಟು ದೊಡ್ಡದನ್ನು ತಂದದ್ದರಿಂದ ಊರಿನಲ್ಲಿ ನನ್ನ ಮದುವೆ ಖಚಿತವಾಯಿತು. ಮುಹೂರ್ತ ಯಾವಾಗ ಎಂದು ಚೆನ್ನಪ್ಪ ನಡುಬೀದಿಯಲ್ಲೇ ಕೇಳಿದ. ನಾನು ಇಲ್ಲ ಎಂದು ತಲೆ ಆಡಿಸಿದೆ. ನಾಚಿಕೆ ಎಂದುಕೊಂಡ.

ವರ್ಷಾಂತಿಕ ಮುಗಿದ ಮೇಲೆ ಸರೋಜ ನನ್ನ ಜೊತೆ ಬಂದಳು. ಅವಳನ್ನು ಶಾಲೆಗೆ ಸೇರಿಸಿ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಅತ್ತೆಯೂ ಬಂದರು. ಇನ್ನೂ ಇದ್ದಾರೆ. ಮತ್ತೆ ಬಾಗಿಲ ಹಿಂದೆಯೇ, ಮಗುವಿನ ಮೂಲಕವೇ ಮಾತು. ಪಟ್ಟಿ ಬೇಡ ಎಂದು ಆ ಸಂಜೆ ನಾನು ಹೇಳಿದ್ದು ಊರವರ ಬಾಯಿಗೆ ಹೆದರಿ ಮಾತ್ರವೇ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಊರಿನ ಚೀಲಗಳನ್ನೆಲ್ಲ ಚುಚ್ಚಿ ನೋಡಿದವನಿಗೆ ಈ ಒಂದು ಚೀಲದ ತಳ ಮಾತ್ರ ಸರಿಯಾಗಿ ಸಿಕ್ಕಿಲ್ಲ.

ಭಾನುವಾರ ನಾನು ಕನ್ನಡಿಯ ಮುಂದೆ ಕೂತ ಕೂಡಲೇ ಅತ್ತೆಗೆ ಬಾಗಿಲ ಆಚೆ ಅಕ್ಕಿ ಆರಿಸುವ ಕೆಲಸ ನೆನಪಾಗುತ್ತದೆ. ನಮ್ಮ ಗಿರಣಿಯ ಅಕ್ಕಿ, ನಾನೇ ನೋಡಿ ತಂದದ್ದು, ಅದರಲ್ಲಿ ಒಂದು ಕಲ್ಲಿಲ್ಲ. ನಾನು ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಕತ್ತಿ ಮಸೆಯುತ್ತೇನೆ. ಕತ್ತಿ ಆಗಲೇ ಹರಿತವಾಗಿರುತ್ತದೆ. ಆದರೂ ಬಾಗಿಲ ಆಚೆಗೆ ಚೆನ್ನಾಗಿ ಕೇಳಿಸುವ ಹಾಗೆ ಇನ್ನೊಂದಷ್ಟು ಸಲ ಎಳೆಯುತ್ತೇನೆ, ಮುಂದಿನ ಭಾನುವಾರಕ್ಕೂ ಇದು ಬೇಕಾಗಿದೆ ಎಂದು ತಿಳಿಯಲಿ ಎಂದು. ಮೊರ ಆಡುವ ಸದ್ದು ಶುರುವಾಗುವವರೆಗೆ ಎಳೆಯುತ್ತೇನೆ. ಅಷ್ಟು ಹೊತ್ತಿಗೆ ಮುಖಕ್ಕೆ ಹಚ್ಚಿಕೊಂಡ ಸೋಪು ಒಣಗಿ ಬಿಳಿ ಪಕಳೆಯಾಗಿ ಉದುರುತ್ತಿರುತ್ತದೆ. ಮತ್ತೆ ಹಚ್ಚಿಕೊಳ್ಳುತ್ತೇನೆ.