ಭಾವನ ಆರುನೂರು ಕುದುರೆಗಳು

ನಮ್ಮ ಭಾವನ ಹತ್ತಿರ ಕಾರಿಲ್ಲ. ಕಾರು ಓಡಿಸಲೂ ಬರುವುದಿಲ್ಲ. ಮುಂದಿನ ಸೀಟಿನಲ್ಲಿ ಕೂತರೆ ಬೆಲ್ಟು ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರ ಕೈ ಬೇಕು. ಆದರೂ ಜರ್ಮನಿಯವರು ತಯಾರಿಸುವ ಆನೆಯಂಥ ಐಷಾರಾಮಿ ಕಾರೊಂದಿದೆಯಲ್ಲ, ಅದರ ಎಂಜಿನ್ನಿನ ನಕ್ಷೆಯನ್ನು ಅವರು ಎಲ್ಲಾದರೂ ಕಳೆದುಕೊಂಡರೆ ಗಾಬರಿಪಡಬೇಕಾಗಿಲ್ಲ. ಸೀದಾ ರಾವಂದೂರಿಗೆ ಬಂದರಾಯಿತು, ನಮ್ಮ ಭಾವ ಬಾಯಿಪಾಠ ಒಪ್ಪಿಸುತ್ತಾರೆ. ಬೇಡ ಎಂದರೂ ಒಪ್ಪಿಸುತ್ತಾರೆ!

"ನಾಲ್ಕು ಲೀಟರು, ವಿ ಆಕಾರದಾಗೆ ಎಂಟು ಸಿಲಿಂಡರು, ಎರಡು ಟರ್ಬೊ, ಆರುನೂರು ಕುದುರೆ ಶಕ್ತಿ." ಇದು ಅವರ ಬೆಳಗಿನ ಸುಪ್ರಭಾತ. ಎಂಟುನೂರು ನ್ಯೂಟನ್ ಮೀಟರ್ ಟಾರ್ಕು, ಎಂಟು ಗೇರು, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕೇ ಸೆಕೆಂಡು ಎಂಬುದು ಸಂಜೆಯ ಮಂಗಳಾರತಿ. ನ್ಯೂಟನ್ ಯಾರು ಎಂದು ಒಮ್ಮೆ ಕೇಳಿದೆ. "ಆ ಕಂಪ್ನಿ ಓನರ್ ಇರ್ಬೇಕು ಕಣಯ್ಯ" ಎಂದರು.

ಇವರು ನನ್ನ ಅಕ್ಕನ ಗಂಡ. ರಾವಂದೂರಿನ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು, ರಾಗಿ ಬೆಳೆಯುತ್ತಾರೆ. ಸ್ವಂತ ವಾಹನವೆಂದರೆ ಒಂದು ಮುದಿ ಮೊಪೆಡ್ಡು. ಏರು ಸಿಕ್ಕಿದರೆ ಹಿಂದೆ ಕೂತ ಅಕ್ಕ ಇಳಿದು ನಡೆಯುತ್ತಾಳೆ. ಭಾವ ಮಾತ್ರ ಇಳಿಯದೆ ಎರಡು ಕಾಲಿನಿಂದ ನೆಲ ಒದೆಯುತ್ತಾ, ಪಕ್ಕದಲ್ಲಿ ನಡೆಯುತ್ತಿರುವ ಹೆಂಡತಿಗೆ ಟಾರ್ಕು ಎಂದರೆ ಎಂಜಿನ್ನಿನ ಎಳೆಯುವ ಬಲವೆಂದು ವಿವರಿಸುತ್ತಾರೆ. ಇಂಥ ಮನುಷ್ಯನ ಜೊತೆ ಬದುಕಲು ಎಷ್ಟು ತಾಳ್ಮೆ ಬೇಕೆಂದು ಯಾವ ಜರ್ಮನಿಯವನು ಅಳೆದಿದ್ದಾನೆ?

ಈ ರೋಗ ಹತ್ತಿದ್ದು ಕೈಗೆ ದೊಡ್ಡ ಫೋನು ಬಂದ ಮೇಲೆ. ಅದರಲ್ಲಿ ಯಾರೋ ಒಬ್ಬ ಹಿಮದ ಮೇಲೆ ಆ ಕಾರನ್ನು ಗಿರಗಿರನೆ ತಿರುಗಿಸುವುದನ್ನು ನೋಡಿದರು. ಅವನು ಆಡುವ ಇಂಗ್ಲಿಷಿನಲ್ಲಿ ಇವರಿಗೆ ಅಂಕಿಗಳು ಮಾತ್ರ ಅರ್ಥವಾಗುತ್ತಿದ್ದವು. ಹಾಗಾಗಿ ಅಂಕಿಗಳನ್ನೇ ಹಿಡಿದುಕೊಂಡರು.

ಅಕ್ಕ ಮೊದಮೊದಲು ಬೈದಳು. "ಆರುನೂರು ಕುದ್ರೆ ಆಮೇಲಾಗ್ಲಿ, ಇರೋ ಎರಡು ಎಮ್ಮೆಗೆ ನೀರಿಡ್ರೀ."

"ಆ ಗಾಡಿ ಶಕ್ತಿ ನಿಂಗೆ ಅರ್ಥ ಆಗಕಿಲ್ಲ ಬುಡು."

"ಎಮ್ಮೆ ಕೂಗದು ಅರ್ಥ ಆಯ್ತದೆ ಕಣ್ರೀ. ಏಳಿ ಮ್ಯಾಕೆ."

ಹಳೆಯದಾದರೂ ಒಂದು ಸಣ್ಣ ಕಾರು ತೆಗೆದುಕೊಳ್ಳೋಣ ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಮೂರು ಸಿಲಿಂಡರಿನ ಗಾಡಿಯಲ್ಲಿ ಕೂರುವ ಗಂಡಸು ತಾನಲ್ಲ ಎಂದು ಭಾವ ತಳ್ಳಿಹಾಕುತ್ತಲೇ ಬಂದರು. ಸಿಲಿಂಡರ್ ಒಂದೇ ಇರುವ ಮೊಪೆಡ್ಡಿನ ಮೇಲೆ ಕೂತು ಈ ಮಾತು!

ನನ್ನದು ಹುಣಸೂರಿನಲ್ಲಿ ಒಂದು ಔಷಧಿ ಅಂಗಡಿ. ಪೇಟೆಗೆ ಬಂದಾಗಲೆಲ್ಲ ಭಾವ ಅಲ್ಲೊಂದು ಸ್ಟೂಲು ಹಿಡಿದು ಕೂರುತ್ತಾರೆ. ಒಂದು ದಿನ ಉಬ್ಬಸದ ಮುದುಕರೊಬ್ಬರು ಏದುಸಿರು ಬಿಡುತ್ತಾ ಚೀಟಿ ಚಾಚಿದರು. ಭಾವ ಅವರನ್ನು ಮೇಲಿಂದ ಕೆಳಗೆ ನೋಡಿ ಶುರು ಮಾಡಿಕೊಂಡರು. ಟರ್ಬೊ ಎಂದರೆ ಎಂಜಿನ್ನು ಬಿಡುವ ಹೊಗೆಯಿಂದಲೇ ಒಂದು ಫ್ಯಾನು ತಿರುಗಿಸಿ, ಆ ಫ್ಯಾನಿನಿಂದ ಹೊಸ ಗಾಳಿಯನ್ನು ಒಳಗೆ ಒತ್ತುವುದಂತೆ.

"ಈಗ ನಿಮ್ಮ ಎದೆನೇ ತಕ್ಕಳಿ ಯಜಮಾನ್ರೇ. ಗಾಳಿ ಸಾಲ್ದು. ಎಡಕ್ಕೊಂದು, ಬಲಕ್ಕೊಂದು ಟರ್ಬೊ ಇದ್ದಿದ್ರೆ ನೀವು ಇಲ್ಲಿಂದ ಊರಿಗೆ ಓಡೋಗ್ಬೋದಿತ್ತು."

ಮುದುಕರು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ಅದ್ನೂ ಎರಡು ಕೊಟ್ಬುಡಿ ಸ್ವಾಮಿ. ಊಟಕ್ಕೆ ಮುಂಚೆಯೋ, ಆಮೇಲೋ?"

ಇನ್ನು ಭಾವನ ತಮ್ಮನ ಮಗಳನ್ನು ನೋಡಲು ಕೆ.ಆರ್. ನಗರದ ಕಡೆಯವರು ಬಂದ ದಿನದ ಕಥೆ. ಹುಡುಗನ ತಂದೆ ಗಂಭೀರ ಮನುಷ್ಯರು, ಭತ್ತದ ಗದ್ದೆಯ ಕುಳ. ಅಂಗಳದಲ್ಲಿ ಅವರ ಕಾರು ನಿಂತಿತ್ತು. ಮನೆತನ, ನಕ್ಷತ್ರ ಯಾವುದನ್ನೂ ವಿಚಾರಿಸದೆ ಭಾವ ನೇರವಾಗಿ ಕೇಳಿದರು.

"ನಿಮ್ದು ಎಷ್ಟು ಸಿಲಿಂಡರು?"

ಹುಡುಗನ ತಂದೆಗೆ ಈ ಕಾಳಜಿ ಮೆಚ್ಚುಗೆಯಾಯಿತು. "ಎರಡವೆ. ಒಂದು ಮುಗಿಯೋದ್ರೊಳ್ಗೆ ಇನ್ನೊಂದು ಬತ್ತದೆ. ನಿಮ್ಮ ಮಗೂಗೆ ಒಲೆ ಊದೋ ತಾಪತ್ರಯ ಇಲ್ಲ."

"ಎರಡೇಯಾ? ಎಂಟಾದ್ರೂ ಇರ್ಬೇಕು ಸ್ವಾಮಿ."

"ಎಂಟು ಇಟ್ಕಂಡು ನಾವೇನು ಹೋಟ್ಲು ಮಡಗ್ಬೇಕಾ?"

ಸಂಬಂಧ ಅಂಗಳದಲ್ಲೇ ಮುರಿದು ಬೀಳುವುದರಲ್ಲಿತ್ತು. ಅಷ್ಟರಲ್ಲಿ ಅಕ್ಕ ಉಪ್ಪಿಟ್ಟಿನ ತಟ್ಟೆಗಳೊಂದಿಗೆ ಹೊರಗೆ ಬಂದಳು. "ಅವ್ರು ಕಾರಿನ ವಿಚಾರ ಮಾತಾಡ್ತಾವ್ರೆ, ನೀವು ಗ್ಯಾಸ್ ಅನ್ಕಂಡ್ರಿ" ಎಂದು ಬಿಡಿಸಿ ಹೇಳಿ, ಗಂಡನನ್ನು ಹಿತ್ತಲಿಗೆ ಅಟ್ಟಿದಳು. ಮದುವೆ ನಡೆಯಿತು. ಅದರ ಪುಣ್ಯ ಪೂರ್ತಿ ಆ ಉಪ್ಪಿಟ್ಟಿನದು.

ಕೊನೆಗೂ ಭಾವನ ಕಣ್ಣೆದುರಿಗೆ ಅಂಥ ಕಾರೊಂದು ಬಂದದ್ದು ಹಂಪಾಪುರದಲ್ಲಿ. ಎಚ್.ಡಿ. ಕೋಟೆಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ನನ್ನ ಕಾರಿನಲ್ಲಿ ಮೈಸೂರಿನ ಮೇಲೆ ವಾಪಸು ಬರುತ್ತಿದ್ದೆವು. ಟೀ ಅಂಗಡಿಯ ಮುಂದೆ ಕಪ್ಪಗೆ ಮಿರಮಿರ ಮಿಂಚುತ್ತಾ ಅದು ನಿಂತಿತ್ತು. ಕಾಕನಕೋಟೆ ಕಾಡು ನೋಡಲು ಹೊರಟ ಶ್ರೀಮಂತರದ್ದು. ಭಾವ ಚಪ್ಪಲಿ ಬಿಟ್ಟು ಹತ್ತಿರ ಹೋದರು. ಸುಳ್ಳಲ್ಲ, ದೇವಸ್ಥಾನಕ್ಕೆ ಹೋದ ಹಾಗೆ ಚಪ್ಪಲಿ ಬಿಟ್ಟರು! ಚಡ್ಡಿ ಹಾಕಿಕೊಂಡು ಟೀ ಕುಡಿಯುತ್ತಿದ್ದ ಮಾಲೀಕನಿಗೆ ಅವನದೇ ಕಾರಿನ ಗುಣಗಾನ ಮಾಡತೊಡಗಿದರು. ನಾಲ್ಕು ಲೀಟರು, ಎಂಟು ಸಿಲಿಂಡರು, ಪೆಟ್ರೋಲು ಹೀರುವ ಗತ್ತು, ಗುಡುಗಿನಂಥ ಸದ್ದು. ಮಾಲೀಕ ಎಲ್ಲ ಕೇಳಿ ಮೆಲ್ಲಗೆ ಹೇಳಿದ.

"ಇದು ಆರು ಸಿಲಿಂಡರ್ ಸರ್. ಡೀಸೆಲ್."

ಭಾವ ಬಾನೆಟ್ಟಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅವನನ್ನು ಕನಿಕರದಿಂದ ನೋಡಿ, "ನಿಮ್ಗೆ ಯಾರೋ ಟೋಪಿ ಆಕವ್ರೆ" ಎಂದರು.

ಒಳ್ಳೆಯ ಮನುಷ್ಯ ಅವನು. ನಕ್ಕು, "ಪರವಾಗಿಲ್ಲ, ಒಳಗೆ ಕೂತು ನೋಡಿ" ಎಂದು ಬಾಗಿಲು ತೆರೆದ.

"ಬ್ಯಾಡಿ. ಡೀಸಲ್ ಗಾಡಿ ನಾನು ಅತ್ತಾಕಿಲ್ಲ" ಎಂದ ಭಾವ ಚಪ್ಪಲಿ ಮೆಟ್ಟಿಕೊಂಡು ಬಂದು ನನ್ನ ಕಾರು ಹತ್ತಿ ಕೂತರು. ನನ್ನದೂ ಡೀಸೆಲ್ಲೇ. ಅದನ್ನು ನೆನಪಿಸಿದರೆ, "ನಿಂದು ಗಾಡಿ ಅಂತ ಯಾರಂದ್ರು? ಮಿಕ್ಸಿಗೆ ಚಕ್ರ ಆಕವ್ರೆ ಅಷ್ಟೆ" ಎಂದುಬಿಟ್ಟರು. ಪುಕ್ಕಟೆ ಕೂತವರ ಸೊಕ್ಕು ಎಷ್ಟಿರುತ್ತದೆ ನೋಡಿ!

ಈ ಮನುಷ್ಯನ ತಲೆಯಲ್ಲಿ ಎಂಟು ಸಿಲಿಂಡರು ಬಿಟ್ಟರೆ ಬೇರೇನೂ ಇಲ್ಲ ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ದಿನವಾಗಿತ್ತು. ಆಗ ಅಕ್ಕ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಸಾಗಿಸಿ ಆಪರೇಷನ್ ಮಾಡಿಸಿದೆವು. ಎಲ್ಲ ಸರಿಹೋಗುತ್ತದೆ, ಆದರೆ ಕೆಲವು ವಾರ ಅಲುಗಾಡಬಾರದು ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ಕರೆತರಲು ನಾನೂ ನನ್ನ ಹೆಂಡತಿಯೂ ಕಾರು ತೆಗೆದುಕೊಂಡು ಹೋದೆವು. ಭಾವ ಏನು ಕೊಂಕು ತೆಗೆಯುತ್ತಾರೋ ಎಂದು ಕಾದಿದ್ದೆ. ಅವರು ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿ, ಎರಡು ಕಂಬಳಿ ಹಾಸಿ, ಹೆಂಡತಿಯನ್ನು ಮಲಗಿಸಿದರು. ನನ್ನ ಹೆಂಡತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಪಿರಿಯಾಪಟ್ಟಣ ದಾಟಿದ ಮೇಲೆ ಪೈಪು ಹಾಕಲು ರಸ್ತೆ ಅಗೆದಿದ್ದರು. ಮೊದಲ ಗುಂಡಿಗೆ ಚಕ್ರ ಇಳಿದ ಕೂಡಲೇ ಅಕ್ಕ ನರಳಿದಳು.

"ನಿಲ್ಸು" ಎಂದರು ಭಾವ. ಇಳಿದು ನನ್ನ ಕಿಟಕಿಯ ಹತ್ತಿರ ಬಂದರು. "ನಾನು ಮುಂದೆ ನಡೀತೀನಿ. ಕೈ ತೋರ್ದ ಕಡೆ ಬಾ. ಬೇಗ ಬರ್ಬ್ಯಾಡ ಕಣಪ್ಪ."

ಮಧ್ಯಾಹ್ನದ ಬಿಸಿಲಿನಲ್ಲಿ ಅವರು ಪಂಚೆ ಎತ್ತಿ ಕಟ್ಟಿಕೊಂಡು ಕಾರಿನ ಮುಂದೆ ನಡೆದರು. ಕಲ್ಲು ಸಿಕ್ಕಿದರೆ ಎತ್ತಿ ಪಕ್ಕಕ್ಕೆ ಹಾಕಿದರು. ಆಳದ ಕಡೆ ಕೈಯಲ್ಲೇ ಮಣ್ಣು ಗೋರಿ ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಆಮೇಲೆ ನನಗೆ ಕೈ ಬೀಸಿದರು. ಹಿಂದೆ ಬಸ್ಸೊಂದು ಹಾರನ್ ಹೊಡೆಯುತ್ತಲೇ ಇತ್ತು. ಅದರ ಡ್ರೈವರಿಗೆ ಅವರು ಕೈಮುಗಿದರು.

ಅಕ್ಕ ಕಣ್ಣು ಬಿಟ್ಟಳು. "ನಿಮ್ಮ ಭಾವ ಎಲ್ಲೋದ್ರು?"

"ಮುಂದೆ ನಡೀತಾವ್ರೆ ಕಣಕ್ಕ."

"ಬಿಸ್ಲು ಕಣೋ. ಈ ಟವಲ್ ಕೊಡು, ತಲೆ ಮ್ಯಾಲೆ ಆಕಳ್ಳಿ."

ಕಾರು ನಿಲ್ಲಿಸಿ ಟವಲ್ ಚಾಚಿದೆ. ಭಾವ ಅದನ್ನು ತೆಗೆದುಕೊಂಡು ತಲೆಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಬಾಗಿಲು ತೆರೆದು, "ಎಲ್ಲಿ ನೋಯ್ತದೆ?" ಎಂದು ಕೇಳಿ, ಮಡಿಸಿ ಅವಳ ಸೊಂಟದ ಪಕ್ಕಕ್ಕೆ ಸೇರಿಸಿದರು. ಆಮೇಲೆ ಬಾಗಿಲನ್ನು ಎಷ್ಟು ಮೆಲ್ಲಗೆ ತಳ್ಳಿದರೆಂದರೆ ಅದು ಹಿಡಿಯಲೇ ಇಲ್ಲ. ಮತ್ತೆ ತಳ್ಳಿದರು. ಮತ್ತೂ ಹಿಡಿಯಲಿಲ್ಲ.

"ಜೋರಾಗೇ ಆಕ್ರೀ" ಎಂದಳು ಅಕ್ಕ. "ನಂಗೇನೂ ಆಗಕಿಲ್ಲ."

ಅವರು ಹಾಕಲಿಲ್ಲ. ಗುಂಡಿಗಳು ಮುಗಿದಿದ್ದವು, ಮುಂದೆ ಬರೀ ಜಲ್ಲಿ. ಬಾಗಿಲನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಒಳಗಿದ್ದವಳ ಮುಖ ನೋಡುತ್ತಾ, ಕಾರಿನ ಪಕ್ಕದಲ್ಲೇ ನಡೆದು ಬಂದರು.